ಕೆಂಪು ಓಣಿ

"ಯಾರ ಲಿವರಿನ್ಯಾಗ ಅದು ಮೊದ್ಲ ಹೊಕ್ಕದ, ಅಷ್ಟು ಹೇಳಿದ್ರ ಸಾಕ್ರಿ," ಎಂದರು ಬಸವಂತರಾಯರು. "ನಮ್ಮ ಸೊಸಿದ್ರಾಗೋ, ಆ ನಸ್ರೀನಳದ್ರಾಗೋ."

ಇಜೇರಿಯ ಆ ದೊಡ್ಡ ಮನೆಯ ಪಡಸಾಲೆಯಲ್ಲಿ ನೀತಾ ಲ್ಯಾಪ್‌ಟಾಪನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದಳು. ಅವಳು ಬಂದದ್ದು ಸೊಸೆ ಸುನಿತಾ ಕರೆದಳೆಂದು. ಸುನಿತಾಳ ರಕ್ತದಲ್ಲಿ ಹೆಪಟೈಟಿಸ್ ಸಿ ವೈರಸ್ ಇರುವುದು ಕಲಬುರಗಿಯ ದವಾಖಾನೆಯಲ್ಲಿ ತಿಳಿದಿತ್ತು. ಯಕೃತ್ತಿಗೆ ಎಷ್ಟು ಪೆಟ್ಟಾಗಿದೆ ನೋಡಲು ಡಾಕ್ಟರು ಅದರದೊಂದು ಸಣ್ಣ ಚೂರು ತೆಗೆದಿದ್ದರು. ಪರೀಕ್ಷೆಗೆ ಹೋಗಿ ಉಳಿದ ತುಣುಕನ್ನು ನೀತಾಳ ಸಂಶೋಧನೆಗೆ ಕೊಡಲು ಸುನಿತಾ ಒಪ್ಪಿದ್ದಳು. ಒಪ್ಪುವಾಗ ಹಾಕಿದ ಷರತ್ತು ಒಂದೇ: ನನ್ನದು ಹೇಗಿದೆ ಎಂದು ನನಗೂ ತೋರಿಸಬೇಕು. ತುಣುಕು ಕೊಟ್ಟ ಯಾರೂ ಈವರೆಗೆ ಅದನ್ನು ಕೇಳಿರಲಿಲ್ಲ.

ತೋರಿಸಲು ಬಂದರೆ ಪಡಸಾಲೆಯಲ್ಲಿ ಸುನಿತಾಳಿಗೆ ಮೂಲೆಯ ಜಾಗ. ಮುಂದಿನ ಸಾಲಿನಲ್ಲಿ ಮಾವ ಬಸವಂತರಾಯರು, ಅತ್ತೆ ಶಾರದಾಬಾಯಿ, ಮಾವನ ತಮ್ಮ ಕಲ್ಲಿನಾಥ. ಗಂಡ ವ್ಯಾಪಾರಕ್ಕೆಂದು ಲಾತೂರಿನಲ್ಲಿದ್ದ. ಕಲ್ಲಿನಾಥನದು ಜೇವರ್ಗಿಯಲ್ಲಿ ಔಷಧಿ ಅಂಗಡಿ. ಅದಕ್ಕಾಗಿ ಮನೆಯಲ್ಲಿ ಅವನೇ ಅರ್ಧ ಡಾಕ್ಟರು.

ಆ ಮನೆಯ ಸಂಶಯಕ್ಕೆ ಒಂದು ಕತೆಯಿತ್ತು. ಹೋದ ವರ್ಷ ಹೆರಿಗೆಯಲ್ಲಿ ಸುನಿತಾಳಿಗೆ ರಕ್ತ ನಿಲ್ಲದೆ ಹರಿದಾಗ ಮನೆಯವರ ಯಾರ ಗುಂಪೂ ಹೊಂದಿರಲಿಲ್ಲ. ಹೊಂದಿದ್ದು ನಸ್ರೀನಳದು. ಅದೇ ಊರಿನ ಹೆಂಗಸು, ಜೇವರ್ಗಿಯಲ್ಲಿ ಬಸವಂತರಾಯರದೇ ಮಳಿಗೆಯೊಂದರಲ್ಲಿ ಹೊಲಿಗೆ ಅಂಗಡಿ ಇಟ್ಟವಳು, ಈ ಮನೆಯ ಹೆಂಗಸರ ಕುಪ್ಪಸ ಹೊಲಿದುಕೊಡುತ್ತಿದ್ದವಳು. ಅಳತೆ ತೆಗೆಯಲು ಬಂದರೆ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದವಳ ರಕ್ತ ಅಂದು ಈ ಮನೆಯ ಸೊಸೆಯ ಮೈಯೊಳಗೆ ಹೋಯಿತು. ಆಗ ಶಾರದಾಬಾಯಿ ಅವಳ ಕೈ ಹಿಡಿದುಕೊಂಡು ಅತ್ತಿದ್ದರು. ಈಗ ಅದೇ ರಕ್ತದಿಂದ ಬೇನೆ ಬಂತು ಎಂಬ ಮಾತು ಮನೆಯಿಂದ ಹೊರಬಿದ್ದು ಊರು ಸುತ್ತಿ, ಜೇವರ್ಗಿಯ ಸಂತೆ ಮುಟ್ಟಿತ್ತು.

ಯಾರು ಕೊಟ್ಟ ರಕ್ತವನ್ನೇ ಆಗಲಿ ಪರೀಕ್ಷೆ ಮಾಡದೆ ಇನ್ನೊಬ್ಬರಿಗೆ ಏರಿಸುವುದಿಲ್ಲ ಎಂದು ನೀತಾ ಹೇಳಿದಳು. ಕಲ್ಲಿನಾಥ ನಕ್ಕ.

"ಮಷೀನ್ ಮುಂದ ಕುಂದ್ರೋರು ಮನಶ್ಯಾರೇ ಅಲ್ರಿ? ಯಾವ ಮನಶ್ಯಾ, ಯಾರ ಕಡೆಯಾಂವ, ನಮಗೇನ್ ಮಾಲೂಮ್? ನಿಮ್ಮ ಲೆಕ್ಕಾ ಹೇಳ್ರಿ."

ನೀತಾ ಔಷಧ ಕೊಡುವ ಡಾಕ್ಟರಲ್ಲ. ಆಳಂದದ ವಕೀಲ ವ್ಯಂಕಟೇಶರ ಮಗಳು, ಗಣಿತದಲ್ಲಿ ಪಿಎಚ್‌ಡಿ ಮಾಡಿದವಳು. ವರ್ಷಗಟ್ಟಲೆ ಮೈಯಲ್ಲಿ ಕೂತು ಬಿಡುವ ವೈರಸ್ಸು ಯಕೃತ್ತಿನೊಳಗೆ ಹೇಗೆ ಹರಡುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವುದು ಅವಳ ಕೆಲಸ. ಅವಳ ಮೇಲೂ ಸಂಶಯ ಎಲ್ಲ ಕಡೆ ಇತ್ತು. ಭೀಮಾ ದಂಡೆಯ ಮಣ್ಣೂರಿನಲ್ಲಿ ರಕ್ತ ತಪಾಸಣೆಯ ಶಿಬಿರಕ್ಕೆ ಹೋದಾಗ, ಇವರು ಅಣೆಕಟ್ಟು ಕಟ್ಟಿ ಹೊಲ ಮುಳುಗಿಸುವ ಸರ್ವೆಯವರು ಎಂದು ಅರ್ಧ ಊರು ಬಾಗಿಲು ಹಾಕಿಕೊಂಡಿತ್ತು. ಇಲ್ಲಿ ಬಾಗಿಲು ತೆರೆದಿತ್ತು, ಚಹಾ ಬಂದಿತ್ತು, ಮಾದಲಿ ಬಂದಿತ್ತು. ಉತ್ತರವನ್ನು ಮೊದಲೇ ಸಿದ್ಧಮಾಡಿಟ್ಟುಕೊಂಡ ಮನೆ ಅವಳನ್ನು ಹೂಂ ಅನ್ನಲು ಮಾತ್ರ ಕೂರಿಸಿಕೊಂಡಿತ್ತು. ಅದು ಅವಳಿಗೆ ಮಾದಲಿಯ ಎರಡನೆಯ ತುತ್ತಿಗೇ ಗೊತ್ತಾಯಿತು.

ಆದರೂ ಸುನಿತಾಳಿಗಾಗಿ ತೆರೆಯನ್ನು ಮೂಲೆಯ ಕಡೆ ತಿರುಗಿಸಿದಳು. ಜೇನುಗೂಡಿನಂಥ ಆರು ಮೂಲೆಯ ಖಾನೆಗಳು, ಒಂದೊಂದು ಖಾನೆ ಯಕೃತ್ತಿನ ಒಂದೊಂದು ಕೋಶ. ನಡುನಡುವೆ ರಕ್ತ ಹರಿಯುವ ಸಂದಿಗಳು. ಮಧ್ಯದಲ್ಲಿ ದುಂಡಗೆ ಒಂದು ರಕ್ತನಾಳ. ವೈರಸ್ ಹೊಕ್ಕ ಕೋಶಕ್ಕೆ ಕೆಂಪು ಬಣ್ಣ, ಉಳಿದದ್ದಕ್ಕೆ ಬಿಳಿ. ಕೆಂಪು ಎಲ್ಲ ಕಡೆ ಚೆಲ್ಲಿರಲಿಲ್ಲ; ನಾಳದ ಬಲಗಡೆ ಗುಂಪಾಗಿ ಒತ್ತಿಕೊಂಡಿತ್ತು.

ವೈರಸ್ಸಿಗೆ ಎರಡು ದಾರಿ ಇವೆ ಎಂದಳು ನೀತಾ. ರಕ್ತದಲ್ಲಿ ತೇಲಿ ದೂರದ ಕೋಶಕ್ಕೆ ಹಾರುವುದು ಒಂದು. ಮಗ್ಗುಲ ಕೋಶಕ್ಕೆ ಗೋಡೆ ದಾಟಿ ನೇರವಾಗಿ ಹೋಗುವುದು ಇನ್ನೊಂದು. ಮೈಯ ಪಹರೆಯವರು ಹೆಚ್ಚಾಗಿ ರಕ್ತದಲ್ಲಿ ತಿರುಗುತ್ತಾರೆ, ತೇಲುವುದನ್ನು ಹಿಡಿಯುತ್ತಾರೆ. ಗೋಡೆಗೆ ಗೋಡೆ ಅಂಟಿಕೊಂಡ ಎರಡು ಕೋಶಗಳ ನಡುವೆ ಏನು ನಡೆಯುತ್ತದೆ ಎಂಬುದು ಅವರಿಗೆ ಸುಲಭವಾಗಿ ಕಾಣುವುದಿಲ್ಲ. ಅವಳು ಒಂದು ಗುಂಡಿ ಒತ್ತಿ ರಕ್ತದ ದಾರಿಯನ್ನು ಪೂರ್ತಿ ಮುಚ್ಚಿ ತೋರಿಸಿದಳು. ಮುಚ್ಚಿದ ಮೇಲೂ ಕೆಂಪಿನ ಗುಂಪು ಅಂಚಿನಲ್ಲಿ ಒಂದೊಂದೇ ಖಾನೆ ನುಂಗುತ್ತ ಬೆಳೆಯಿತು.

ಸುನಿತಾ ಬಗ್ಗಿ ನೋಡಿದಳು. "ಅಂದ್ರ ಹೊರಗ ಬಂದೋಬಸ್ತ್ ಎಷ್ಟಿದ್ರೂ ಒಳಗಿಂದೊಳಗ ಹಬ್ಬತದಂತಾಯ್ತು?"

ಹೌದೆಂದಳು ನೀತಾ. ಮತ್ತೆ ಬಸವಂತರಾಯರ ಕಡೆ ತಿರುಗಿ, ಇದು ಒಬ್ಬರ ಯಕೃತ್ತಿನೊಳಗಿನ ಲೆಕ್ಕ, ಯಾರಿಂದ ಯಾರಿಗೆ ಬಂತು ಎಂದು ಹೇಳುವ ಶಕ್ತಿ ಇದಕ್ಕಿಲ್ಲ ಎಂದು ಸ್ಪಷ್ಟವಾಗಿ ಹೇಳಿದಳು. ಅವರು ತಲೆಯಾಡಿಸಿದರು, ಇವಳಿಗೆ ಹೇಳಲು ಇಷ್ಟವಿಲ್ಲ ಎಂದು ತಿಳಿದುಕೊಂಡವರ ತಲೆಯಾಡಿಕೆ ಅದು.

ಕಲ್ಲಿನಾಥ ಮಾತ್ರ ತೆರೆಯಿಂದ ಕಣ್ಣು ತೆಗೆದಿರಲಿಲ್ಲ. ನಡುವಿನ ದುಂಡು ನಾಳವನ್ನು ಬೆರಳಿಂದ ತೋರಿಸಿ, ಇದು ಊರ ಬಾವಿ ಇದ್ದಂತಿದೆಯಲ್ಲ ಎಂದ. ಸಂದಿಗಳನ್ನು ತೋರಿಸಿ ಓಣಿಗಳು ಎಂದ. ನೀತಾ ಅಲ್ಲ ಎನ್ನುವಷ್ಟರಲ್ಲಿ ಅವನ ಮೊಬೈಲು ಚಿತ್ರವನ್ನು ಹಿಡಿದಾಗಿತ್ತು. ಸೊಸೆಯ ಲಿವರಿನ ಫೋಟೋ ಮನೆಯಲ್ಲಿರಲಿ ಎಂದು ಅವನು ನಕ್ಕಾಗ, ಅಳಿಸಿ ಎನ್ನಲು ಅವಳಿಗೆ ಸಂಕೋಚವಾಯಿತು. ಮಾದಲಿ ತಿಂದ ಬಾಯಿಯ ಸಂಕೋಚ.

*

ಮುಂದಿನ ಸಲ ನೀತಾ ಜೇವರ್ಗಿಗೆ ಬಂದಾಗ ನಸ್ರೀನಳ ಅಂಗಡಿಗೆ ಬೀಗ ಬಿದ್ದಿತ್ತು. ಹೆದ್ದಾರಿಯ ಆ ಸಾಲಿನಲ್ಲಿ ಉಳಿದ ಎಲ್ಲ ಮಳಿಗೆ ತೆರೆದಿದ್ದವು. ಪಕ್ಕದ ಕಲ್ಲಿನಾಥನ ಔಷಧಿ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಬೀಗ ನಸ್ರೀನಳದಲ್ಲ, ಮಾಲೀಕ ಬಸವಂತರಾಯರದು. ಅವಳ ಬೀಗದ ಮೇಲೆಯೇ ಅದನ್ನು ಹಾಕಿದ್ದರು.

ನೀತಾ ಇಜೇರಿಗೆ ಹೋಗಿ ಬಾವಿ ದಾಟಿ, ಬಲಕ್ಕೆ ತಿರುಗಿ, ಮಸೀದಿ ಹಿಂದಿನ ಓಣಿಯಲ್ಲಿ ನಸ್ರೀನಳ ಮನೆ ಕೇಳಿದಳು. ಎರಡು ಮನೆಯವರು ಗೊತ್ತಿಲ್ಲ ಎಂದರು. ಮೂರನೆಯದೇ ಅವಳ ಮನೆಯಾಗಿತ್ತು. ನಸ್ರೀನ ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು ತನ್ನ ಮೊಬೈಲು ತೆರೆದು ಮುಂದೆ ಹಿಡಿದಳು. ಊರ ವಾಟ್ಸಾಪ್ ಗ್ರೂಪಿನಲ್ಲಿ ನೀತಾಳದೇ ಚಿತ್ರ. ಕೆಳಗೆ ಬರೆದಿತ್ತು: ಆರೋಗ್ಯ ಸರ್ವೆ ಆಗಿದೆ, ಬಾವಿಯ ಬಲಗಡೆ ಕೆಂಪು ಇರುವುದು ಯಾವ ಓಣಿ ನೋಡಿಕೊಳ್ಳಿ, ಆ ಓಣಿಯ ಕೈಕೆಲಸ, ಕೈ ತಿನಿಸು ಬೇಡ, ಮಕ್ಕಳನ್ನು ಕಾಪಾಡಿಕೊಳ್ಳಿ.

"ಇದು ನೀವು ತೆಗದ ಚಿತ್ರಾನೇ ಅಲ್ರಿ ಮೇಡಂ?" ಎಂದಳು ನಸ್ರೀನ.

ನನ್ನದೇ, ಆದರೆ ಇದು ಊರಿನ ನಕ್ಷೆಯಲ್ಲ, ಸುನಿತಾಳ ಯಕೃತ್ತು, ಎಂದಳು ನೀತಾ. ಹೇಳುತ್ತ ಹೇಳುತ್ತ ತನ್ನ ದನಿ ತನಗೇ ತೆಳ್ಳಗೆ ಕೇಳಿತು.

ನಸ್ರೀನಳ ಗಂಡ ಹಫೀಜನ ಆಟೋ ಮನೆ ಮುಂದೆಯೇ ನಿಂತಿತ್ತು. ಶಾಲೆಯ ಮಕ್ಕಳನ್ನು ಒಯ್ಯುವ ಬಾಡಿಗೆ ಆ ಫೋಟೋ ಬಂದ ಮರುದಿನವೇ ನಿಂತುಹೋಗಿತ್ತು. ಓಣಿಯಲ್ಲಿ ಶಾವಿಗೆ ಮಾಡಿ ಮಾರುತ್ತಿದ್ದ ಮುದುಕಿ ಖುರ್ಷಿದಬೇಗಂಳ ಶಾವಿಗೆಯನ್ನು ಕೊಂಡವರು ವಾಪಸು ತಂದು ಕಟ್ಟೆಯ ಮೇಲೆ ಇಟ್ಟು ಹೋಗಿದ್ದರು. ಈ ಬೇನೆ ಊಟದಿಂದ, ಮುಟ್ಟುವುದರಿಂದ ಹರಡುವುದಿಲ್ಲ. ರಕ್ತಕ್ಕೆ ರಕ್ತ ತಾಗಬೇಕು. ಇದನ್ನು ಹೇಳುವ ಪೋಸ್ಟರು ತಾಲೂಕು ದವಾಖಾನೆಯ ಗೋಡೆಗೆ ಅಂಟಿಸಿದೆ. ಓದಲು ಬಾರದವರು ಮಾತ್ರ ಅದನ್ನು ನಂಬಿಲ್ಲ ಎಂದರೆ ಸಮಾಧಾನವಾಗುತ್ತಿತ್ತು. ಶಾವಿಗೆ ವಾಪಸು ತಂದವರಲ್ಲಿ ಒಬ್ಬರು ಹೈಸ್ಕೂಲ್ ಮಾಸ್ತರರು.

ನೀತಾ ತನಗೆ ತೋಚಿದ ನೇರ ದಾರಿ ಹೇಳಿದಳು. ನೀವೊಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ, ನಿಮ್ಮಲ್ಲಿ ಬೇನೆ ಇಲ್ಲ ಎಂದು ಬಂದರೆ ಇದೆಲ್ಲ ಇವತ್ತೇ ಮುಗಿಯುತ್ತದೆ.

ನಸ್ರೀನ ಮೊಬೈಲು ಮುಚ್ಚಿದಳು.

"ಕೇಳಾಕ ಬಂದಾಗ ಕೊಟ್ಟೇನಿ ಖೂನ. ಯಾವ ಜಾತಿ ಅಂತ ಆಗ ಯಾರೂ ಕೇಳ್ಲಿಲ್ಲ. ಈಗ ನಾ ಪಾಕ್-ಸಾಫ್ ಅಂತ ತೋರ್ಸಾಕ ಮತ್ತ ಖೂನ ಕೊಡಬೇಕಾ? ಆ ಮನ್ಯಾಗ ಐದು ಮಂದಿ ಅದಾರ. ಸುನಿತಾ ವೈನಿನ್ನ ಬಿಟ್ರ ಒಬ್ರದಾದ್ರೂ ಟೆಸ್ಟ್ ಆಗ್ಯಾದೇನ್ರಿ? ಅವ್ರಿಗಿ ಹೇಳ್ರಿ ಮೊದ್ಲ. ಅವ್ರು ಕೊಟ್ಟ ದಿನಾ ನಾನೂ ಕೊಡ್ತೇನಿ."

ಸುನಿತಾಳ ಬೇನೆ ಎಲ್ಲಿಂದ ಬಂದಿರಬಹುದು ಎಂದು ತಾನು ಕೂಡ ಹೊರಗೇ ಹುಡುಕಿದ್ದೆ ಎಂಬುದು ಆ ಹೊಸ್ತಿಲ ಮುಂದೆ ನೀತಾಳಿಗೆ ಹೊಳೆಯಿತು.

*

ಅಲ್ಲಿಂದ ನೇರವಾಗಿ ದೊಡ್ಡ ಮನೆಗೆ ನಡೆದಳು. ಚಿತ್ರ ಅಳಿಸಿಸಬೇಕು, ಬೀಗ ತೆಗೆಸಬೇಕು, ಮನೆಯವರೆಲ್ಲ ಪರೀಕ್ಷೆಗೆ ಬರಬೇಕು. ಮೂರು ಮಾತನ್ನೂ ಪಡಸಾಲೆಯಲ್ಲಿ ನಿಂತೇ ಹೇಳಿದಳು. ಬಸವಂತರಾಯರು ಮೊದಲು ಕೂತುಕೊಳ್ಳಿ ಎಂದರು. ಕಲ್ಲಿನಾಥ ಚಿತ್ರ ಕಳಿಸಿದ್ದು ತಾನಲ್ಲ, ಯಾರೋ ತನ್ನ ಫೋನಿನಿಂದ ತೆಗೆದುಕೊಂಡಿರಬೇಕು ಎಂದ. ಬಿಸಿಲಲ್ಲಿ ಬಾವಿಯಿಂದ ಓಣಿ, ಓಣಿಯಿಂದ ಇಲ್ಲಿಗೆ ತಿರುಗಿದ್ದಕ್ಕೋ, ಸಿಟ್ಟಿಗೋ, ನೀತಾಳಿಗೆ ತಲೆ ತಿರುಗಿ ಕಂಬ ಹಿಡಿದುಕೊಂಡಳು.

ಶಾರದಾಬಾಯಿ ಓಡಿಬಂದರು. ಆ ಮುದುಕಿಯ ಅಂತಃಕರಣದಲ್ಲಿ ಸುಳ್ಳಿರಲಿಲ್ಲ. ನೀತಾಳನ್ನು ಮಲಗಿಸಿ, ನೀರು ಕುಡಿಸಿ, ಸೆರಗಿನಿಂದ ಗಾಳಿ ಹಾಕಿದರು. ಆಮೇಲೆ ಒಳಗೆ ಹೋಗಿ ದೇವರ ಗೂಡಿನ ಕೆಳಗಿನ ಕಪಾಟಿನಿಂದ ಒಂದು ಸ್ಟೀಲ್ ಡಬ್ಬಿ ತಂದು ಕಲ್ಲಿನಾಥನ ಕೈಗೆ ಕೊಟ್ಟರು.

"ಒಂದ್ ತಾಕತ್ತಿನ ಸೂಜಿ ಮಾಡಪಾ ಈ ಕೂಸಿಗಿ. ಹೆದರಬ್ಯಾಡವ್ವಾ. ಇದು ಹೊರಗಿನ ಸೂಜಿ ಅಲ್ಲ, ನಮ್ಮ ಮನಿದೇ. ಮಂದಿ ಮೈಗಿ ಮುಟ್ಟಿಸಿದ್ದಲ್ಲ. ನಮ್ಮವರನ ಬಿಟ್ರ ಯಾರಿಗೂ ಇದನ ತಗದಿಲ್ಲ."

ಡಬ್ಬಿ ತೆರೆಯಿತು. ಬಿಳಿ ಬಟ್ಟೆಯ ಮೇಲೆ ಒಂದು ಗಾಜಿನ ಸಿರಿಂಜು, ಒಂದು ಸೂಜಿ.

ನೀತಾ ಎದ್ದು ಕೂತಳು. ದನಿ ಏರಿಸದೆ ಕೇಳಿದಳು, ಇದನ್ನು ಎಷ್ಟು ಕಾಲದಿಂದ ಇಟ್ಟಿದ್ದೀರಿ. ಶಾರದಾಬಾಯಿ ಹೆಮ್ಮೆಯಿಂದ ಹೇಳುತ್ತ ಹೋದರು. ಹಿಂದೆ ಊರಿಗೆ ಬರುತ್ತಿದ್ದ ಸೂಜಿಯ ಡಾಕ್ಟರು ಹೊಲಗೇರಿಗೂ ಹೋಗಿ, ಮಸೀದಿ ಓಣಿಗೂ ಹೋಗಿ, ಅದೇ ಚೀಲ ಹಿಡಿದು ಈ ಮನೆಗೂ ಬರುತ್ತಿದ್ದನಂತೆ. ಯಾರ ಯಾರ ಮೈಗೆ ಚುಚ್ಚಿದ್ದೋ ಎಂದು ಇವರ ಅತ್ತೆಯ ಕಾಲದಲ್ಲೇ ಮನೆಗೆ ಬೇರೆ ಸೂಜಿ ತರಿಸಿಟ್ಟರಂತೆ. ನೀರಿನ ಕೊಡ ಬೇರೆ, ಚಹಾದ ಬಟ್ಟಲು ಬೇರೆ ಇರುವಂತೆ ಸೂಜಿಯೂ ಬೇರೆ. ಔಷಧಿ ಅಂಗಡಿ ಇಟ್ಟಮೇಲೆ ಚುಚ್ಚುವ ಕೆಲಸ ಕಲ್ಲಿನಾಥನದು. ಸೂಜಿ ಮೊಂಡಾದರೆ ಬದಲಿಸುವುದುಂಟು. ಪ್ರತಿ ಸಲ ಬಿಸಿನೀರು ಹಾಕಿ ತೊಳೆಯುತ್ತಾರೆ. ಸುಸ್ತಾದರೆ, ಜ್ವರ ಬಂದರೆ, ಸುಗ್ಗಿ ಮುಗಿದು ಮೈ ನೊಂದರೆ ಎಲ್ಲರೂ ಒಂದು ಸೂಜಿ. ಅಂಗಡಿಯಲ್ಲಿ ಒಮ್ಮೆ ಬಳಸಿ ಎಸೆಯುವ ಹೊಸ ಸಿರಿಂಜುಗಳನ್ನು ಕಟ್ಟುಗಟ್ಟಲೆ ಮಾರುವ ಕಲ್ಲಿನಾಥ, ಅವನ್ನು ಯಾವ ಊರಲ್ಲಿ, ಯಾರು ಮುಟ್ಟಿ ತುಂಬುತ್ತಾರೋ ಎಂದು ಮನೆಗೆ ತಂದಿರಲಿಲ್ಲ.

ಮೂಲೆಯಲ್ಲಿ ಮಗು ಎತ್ತಿಕೊಂಡು ನಿಂತಿದ್ದ ಸುನಿತಾ ಸಣ್ಣಗೆ ಹೇಳಿದಳು. "ಲಗ್ನಾದ ವರ್ಷ ನನಗೂ ಮಾಡಿದ್ರು. ಭಾಳ ಸಲ ಮಾಡಿದ್ರು."

ನೀತಾ ಡಬ್ಬಿಯ ಮುಚ್ಚಳ ಹಾಕಿದಳು. ಅವಳಿಗೆ ತೆರೆಯ ಮೇಲಿನ ಕೆಂಪು ನೆನಪಾಯಿತು, ರಕ್ತದ ದಾರಿಯನ್ನೆಲ್ಲ ಮುಚ್ಚಿದ ಮೇಲೂ ಗೋಡೆಯ ಒಳಗಿಂದೊಳಗೆ ಬೆಳೆದದ್ದು. ಸುನಿತಾಳಿಗೂ ಅದೇ ನೆನಪಾಗಿರಬೇಕು. ಅವಳು ಕಲ್ಲಿನಾಥನ ಕೈಯಿಂದ ಡಬ್ಬಿ ತೆಗೆದುಕೊಂಡು ತನ್ನ ಕೋಣೆಗೆ ನಡೆದಳು. ಯಾರೂ ತಡೆಯಲಿಲ್ಲ. ಅಂದು ಮೊದಲ ಸಲ ಆ ಮನೆಯವರು ಒಬ್ಬರ ಮುಖ ಒಬ್ಬರು ಸಂಶಯದಿಂದ ನೋಡಿಕೊಂಡರು.

*

ಪರೀಕ್ಷೆಗೆ ಎಲ್ಲರೂ ಕಲಬುರಗಿಗೆ ಹೋದರು, ಜೇವರ್ಗಿಯಲ್ಲಿ ಯಾರಾದರೂ ನೋಡಿಯಾರೆಂದು. ಬಸವಂತರಾಯರಿಗೆ ಬೇನೆ ಇತ್ತು. ಶಾರದಾಬಾಯಿಗೆ ಇತ್ತು. ಕಲ್ಲಿನಾಥನಿಗೆ ಇತ್ತು. ಮಗುವಿಗೆ ಇರಲಿಲ್ಲ. ದೊಡ್ಡವರಲ್ಲಿ ಪಾರಾದವನು ಸುನಿತಾಳ ಗಂಡ ಒಬ್ಬನೇ. ತೊಗರಿ ವ್ಯಾಪಾರಕ್ಕೆ ಹೆಚ್ಚಾಗಿ ಲಾತೂರಿನಲ್ಲೇ ಇರುವ ಅವನು ಚಿಕ್ಕಂದಿನಿಂದ ಆ ಡಬ್ಬಿ ಕಂಡರೆ ಹಿತ್ತಲಿಗೆ ಓಡುತ್ತಿದ್ದನಂತೆ. ಅಂಜುಬುರುಕ ಎಂದು ಮನೆಯೆಲ್ಲ ನಗುತ್ತಿತ್ತು.

ಬಸವಂತರಾಯರ ಯಕೃತ್ತಿನ ಗಡುಸುತನ ಬಹಳ ಹಳೆಯದು, ಸುನಿತಾ ಮದುವೆಯಾಗಿ ಬರುವ ಮೊದಲಿನದು ಎಂದರು ಡಾಕ್ಟರು. ಗುಳಿಗೆ ಇದೆ, ಸರಿಯಾಗಿ ನುಂಗಿದರೆ ವಾಸಿಯಾಗುತ್ತದೆ ಎಂದೂ ಹೇಳಿದರು.

ಹೊರಗೆ ಬಂದಮೇಲೆ ಬಸವಂತರಾಯರು ನೀತಾಳ ಹತ್ತಿರ ನಿಂತು ಮೆಲ್ಲಗೆ ಕೈ ಮುಗಿದರು. "ಮನಿ ಮಾತು ಮನ್ಯಾಗ ಇರ್ಲಿ, ನಿಮ್ಮ ಬಾಯಿಂದ ಹೋಗಬಾರದ್ರಿ."

ರೋಗಿಯ ಗುಟ್ಟು ಹೇಳುವ ಹಕ್ಕು ನನಗಿಲ್ಲ, ಆದರೆ ನಸ್ರೀನಳ ಹೆಸರಿಗೆ ಹತ್ತಿದ್ದನ್ನು ಯಾರು ತೊಳೆಯುವುದು ಎಂದು ನೀತಾ ಕೇಳಿದಳು. ಮಂದಿ ತಾವಾಗೇ ಮರೆಯುತ್ತಾರೆ ಎಂದರು ಅವರು. ಬೀಗದ ವಿಚಾರ ಕೇಳಿದ್ದಕ್ಕೆ, ಬೇರೆ ಕಡೆ ಮಳಿಗೆ ನೋಡಿಕೊಳ್ಳಲಿ, ಈಗ ತೆಗೆದರೆ ಮಂದಿಗೆ ಶಕ್ ಬರುತ್ತದೆ ಎಂದರು. ಊರ ತುಂಬ ಶಕ್ ಬಿತ್ತಿದ ಮನೆಗೆ ಈಗ ಶಕ್ಕಿನ ಭಯ. ನೀತಾಳ ಬಾಯಿಗೆ ಕಾನೂನು ಬೀಗ ಹಾಕಿತ್ತು. ನಸ್ರೀನಳ ಬಾಗಿಲಿಗೆ ಇವರು ಹಾಕಿದ್ದರು. ಎರಡೂ ಒಂದೇ ಮನೆಯನ್ನು ಕಾಯುತ್ತಿದ್ದವು.

ಸ್ವಲ್ಪ ದೂರದಲ್ಲಿ ಕಲ್ಲಿನಾಥ ಹೊಸ ಲೆಕ್ಕ ಹಾಕುತ್ತಿದ್ದ. ನಸ್ರೀನಳ ರಕ್ತದಿಂದ ಸುನಿತಾಳಿಗೆ, ಸುನಿತಾಳ ಮೈಯಿಂದ ಸೂಜಿಗೆ, ಸೂಜಿಯಿಂದ ನಮಗೆ ಬಂದಿರಬಾರದೇಕೆ ಎಂದು ಅಣ್ಣನ ಕಿವಿಯಲ್ಲಿ ಹೇಳುತ್ತಿದ್ದುದನ್ನು ಸುನಿತಾ ಕೇಳಿಸಿಕೊಂಡಳು.

*

ಜೇವರ್ಗಿಯ ಸಂತೆಯ ದಿನ ಸುನಿತಾಳಿಂದ ನೀತಾಳಿಗೆ ಫೋನು ಬಂತು: ಅಂಗಡಿ ಹತ್ತಿರ ಬರ್ರಿ, ಆ ಚಿತ್ರ ತಗೊಂಡು ಬರ್ರಿ. ನೀತಾ ಹೋದಾಗ ಸುನಿತಾ ಮಗುವನ್ನು ಸೊಂಟದ ಮೇಲೆ ಹೊತ್ತು ಬೀಗ ಬಿದ್ದ ಶಟರಿನ ಮುಂದೆ ನಿಂತಿದ್ದಳು. ಕೈಯಲ್ಲಿ ಮನೆಯ ಗೂಟದಿಂದ ತಂದ ಬೀಗದ ಕೈ. ಎದುರಿಗೆ ನಸ್ರೀನ, ಆಟೋದಿಂದ ಇಳಿದವಳು ಅಲ್ಲೇ ನಿಂತಿದ್ದಳು. ಹಫೀಜ ಆಟೋ ಬಂದ್ ಮಾಡಿರಲಿಲ್ಲ. ಇದೂ ಒಂದು ಆಟವೇ ಎಂಬ ಅನುಮಾನ ಇಬ್ಬರ ಮುಖದಲ್ಲೂ ಇತ್ತು.

ಕಲ್ಲಿನಾಥ ತನ್ನ ಅಂಗಡಿಯಿಂದ ಹೊರಗೆ ಬಂದ. ಗಿರಾಕಿಗಳು ಹಿಂದೆ ಬಂದರು.

"ಸುನಿತಾ, ಒಳಗ ಬಾ. ಮಂದಿ ನೋಡಾಕತ್ತಾರ."

"ನೋಡ್ಲಿ ಕಾಕಾ. ಬಾಣಂತನ ಮುಗಿಸಿ ಬಂದಮ್ಯಾಲ ನನಗ ಆ ಸೂಜಿ ಒಮ್ಮಿಯಾದ್ರೂ ಮಾಡೀರೇನು?"

ಕಲ್ಲಿನಾಥ ಸುತ್ತ ನೋಡಿದ.

"ಕೂಸು ಹಾಲು ಕುಡಿತದ, ಬ್ಯಾಡಂತ ಅತ್ತಿ ಅಂದಿದ್ರು. ಮಾಡಿಲ್ಲ. ನಸ್ರೀನಕ್ಕನ ಖೂನ ಏರಿಸಿದಮ್ಯಾಲ ನನ್ನ ಮೈಯಾಗ ಹೋದ ಸೂಜಿ ನಿಮ್ಮ ಯಾರ ಮೈಯಾಗೂ ಹೋಗಿಲ್ಲ. ಮತ್ತ ನಿಮಗ ಹ್ಯಾಂಗ ಬಂತು?"

ಸಂತೆಯ ಸದ್ದು ಹಾಗೇ ಇತ್ತು. ಅಂಗಡಿ ಮುಂದಿನವರು ಹತ್ತಿರ ಸರಿದರು. ನಿಮಗೆ ಎಂದರೆ ಯಾರಿಗೆ ಎಂದು ಒಬ್ಬ ಇನ್ನೊಬ್ಬನನ್ನು ಕೇಳಿದ. ಕಲ್ಲಿನಾಥನ ಕೈಯಿಂದ ಆಗತಾನೆ ಔಷಧಿ ಕೊಂಡವನೊಬ್ಬ ಆ ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿದ. ಸಂಶಯ ಮನೆ ಬದಲಾಯಿಸುವುದಕ್ಕೆ ಹೊತ್ತೇ ಬೇಕಾಗಲಿಲ್ಲ. ಅದನ್ನು ಕಂಡು ನೀತಾಳಿಗೆ ಖುಷಿಯಾಗಲಿಲ್ಲ.

ಸುನಿತಾ ಬೀಗದ ಕೈಯನ್ನು ಮುಂದೆ ಚಾಚಿದಳು. ನಸ್ರೀನ ತೆಗೆದುಕೊಳ್ಳಲಿಲ್ಲ.

"ಇಲ್ಲಿ ಹತ್ತು ಮಂದಿ ಕೇಳ್ಯಾರ ವೈನಿ. ಫೋಟೋ ನೋಡಿದೋರು ಊರ ಮಂದಿ. ಆ ಗ್ರೂಪಿನ್ಯಾಗ ಹೇಳ್ರಿ."

ಸುನಿತಾ ನೀತಾಳ ಕಡೆ ತಿರುಗಿದಳು. ಚಿತ್ರ ನೀತಾಳ ಫೋನಿನಿಂದ ಸುನಿತಾಳ ಫೋನಿಗೆ ಹೋಯಿತು. ಕಲ್ಲಿನಾಥ ಅಣ್ಣನಿಗೆ ಫೋನು ಹಚ್ಚುತ್ತ ಒಳಗೆ ಸರಿದ. ಸುನಿತಾ ಮಗುವನ್ನು ನೀತಾಳ ಕೈಗೆ ಕೊಟ್ಟು, ತಲೆ ಮೇಲಿನ ಸೆರಗು ಸರಿಮಾಡಿಕೊಂಡು, ಫೋನನ್ನು ಬಾಯಿಯ ಹತ್ತಿರ ಹಿಡಿದಳು.

"ನಾ ಬಸವಂತರಾಯರ ಸೊಸಿ ಸುನಿತಾ ಮಾತಾಡಾಕತ್ತೇನಿ. ಈ ಫೋಟೋ ಯಾರ ಓಣಿದೂ ಅಲ್ಲ. ಇದು ನನ್ನ ಲಿವರ್. ಕೆಂಪು ಕಾಣೋದು ನನ್ನ ಬೀಮಾರಿ. ಇದು ನಸ್ರೀನಕ್ಕನ ಖೂನದಿಂದ ಬಂದಿಲ್ಲ, ನಮ್ಮ ಮನಿ ಸೂಜಿಯಿಂದ ಬಂದದ. ಆಕಿ ಖೂನದಿಂದ ನಾ ಬದುಕೇನಿ. ನಿಮ್ಮ ಮನ್ಯಾಗೂ ಬ್ಯಾರೆ ಸೂಜಿ ಇಟ್ಟಿದ್ರ ಒಗೀರಿ, ಹೋಗಿ ಟೆಸ್ಟ್ ಮಾಡಿಸ್ಕೋರಿ."

ಕಳಿಸಿದಳು. ಚಿತ್ರ ಮೊದಲು ಹೋಯಿತು, ದನಿ ಹಿಂದೆ ಹೋಯಿತು. ಇಷ್ಟು ದಿನ ಕ್ಷಣಕ್ಕೊಂದು ಮಾತು ಉದುರಿಸುತ್ತಿದ್ದ ಗ್ರೂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಎಲ್ಲರೂ ಕೇಳಿದ್ದಾರೆ ಎಂಬುದು ಮಾತ್ರ ತೆರೆಯ ಮೇಲೆ ಕಾಣುತ್ತಿತ್ತು. ಅಷ್ಟರಲ್ಲಿ ಮಾವನ ಹೆಸರು ಮಿನುಗಿ ಫೋನು ಬಡಿದುಕೊಳ್ಳತೊಡಗಿತು. ಸುನಿತಾ ಅದನ್ನು ಎತ್ತಲೂ ಇಲ್ಲ, ಬಂದ್ ಮಾಡಲೂ ಇಲ್ಲ.

ಇನ್ನು ಪರೀಕ್ಷೆ ಮಾಡಿಸಿಕೊಳ್ಳುತ್ತೀರಾ ಎಂದು ನೀತಾ ನಸ್ರೀನಳನ್ನು ಕೇಳಿದಳು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು.

"ಅವ್ರು ಕೊಟ್ರ ಕೊಡ್ತೇನಿ ಅಂದಿದ್ದೆ, ಕೊಡ್ತೇನಿ," ಎಂದಳು ನಸ್ರೀನ. "ಖರೇ, ಏನ್ ಬಂತು ಅಂತ ನಿಮಗ ಹೇಳಾಂಗಿಲ್ಲ."

ಆಮೇಲೆ ಸುನಿತಾಳ ಕೈಯಿಂದ ಬೀಗದ ಕೈ ತೆಗೆದುಕೊಂಡು ಮಾಲೀಕರ ಬೀಗ ತೆಗೆದಳು. ಅದನ್ನು ಕಲ್ಲಿನಾಥನ ಅಂಗಡಿಯ ಕೌಂಟರಿನ ಮೇಲೆ ಇಟ್ಟು ಬಂದಳು. ತನ್ನದನ್ನು ತನ್ನ ಕೈಯಿಂದ ತೆಗೆದು ಶಟರ್ ಎತ್ತಿದಳು. ಒಳಗೆ ಮಷೀನಿನ ಮೇಲೆ ಧೂಳು ಕೂತಿತ್ತು. ಹಫೀಜ ಆಗ ಆಟೋ ಬಂದ್ ಮಾಡಿದ.